ಕೈಯಲ್ಲಿ ಹತ್ತೊಂಬತ್ತು

ಲಾರಿಯಂ, ಮಿಶಿಗನ್
ಮಂಗಳವಾರ, ಅಕ್ಟೋಬರ್ 23, 2018

ಡೋರೀನ್,

‘ಪ್ರೀತಿಯ’ ಎಂದು ಶುರು ಮಾಡಲು ಹೋದೆ, ಕೈ ಏಳಲಿಲ್ಲ. ಇಪ್ಪತ್ತಾರು ವರ್ಷ ಪ್ರತಿ ಮಂಗಳವಾರ ಮಧ್ಯಾಹ್ನ ಮೂರಕ್ಕೆ ನನ್ನ ಹಿಂಬಾಗಿಲಲ್ಲಿ ಬೂಟು ಕುಟ್ಟಿ ಒಳಗೆ ಬರುತ್ತಿದ್ದವಳು ನೀನು. ಈಗ ಮೂರು ದಾಟಿ ಹತ್ತು ನಿಮಿಷ. ನಮ್ಮ ಕ್ರಿಬೇಜ್ ಆಟದ ಅಂಕದ ಹಲಗೆ ಮೇಜಿನ ಮೇಲಿದೆ, ಅದರ ತೂತುಗಳಲ್ಲಿ ಗೂಟಗಳಿವೆ, ಇಸ್ಪೀಟು ಕಲಸಿ ಇಟ್ಟಿದ್ದೇನೆ. ಎದುರಿನ ಕುರ್ಚಿ ಮಾತ್ರ ಖಾಲಿ.

‘ಇಷ್ಪೆಮಿಂಗ್‌ಗೆ ಹೋಗುತ್ತಿದ್ದೇನೆ, ತಂಗಿಯ ಮಗಳು ಮಾರ್ನಿಯ ಮನೆಯಲ್ಲಿರುತ್ತೇನೆ, ಇನ್ನು ಮಂಗಳವಾರ ಬರಲಾಗದು’ ಅಂತ ಮೂರು ಸಾಲಿನ ಚೀಟಿ. ನಾನೇನು ನಿನಗೆ ಹಾಲು ಹಾಕುವವಳೇ, ನಾಳೆಯಿಂದ ಬೇಡ ಅಂತ ಚೀಟಿ ಸಿಕ್ಕಿಸಿ ಹೋಗಲು? ಅದರ ಮೇಲೆ ಮೊನ್ನೆ ಬಂತು ನಿನ್ನ ಕಾರ್ಡು. ಅಲ್ಲಿನ ಗ್ರಂಥಾಲಯದಲ್ಲಿ ಗುರುವಾರದ ಆಟದ ಗುಂಪು ಸೇರಿದ್ದೀಯಂತೆ. ಎಲ್ಲರೂ ಒಂದೇ ಪಕ್ಷವಂತೆ. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ. ಥೂ! ಅದನ್ನು ಆಟ ಅನ್ನುತ್ತಾರೆಯೇ? ಅದು ಚರ್ಚಿನ ಸಮಿತಿ ಸಭೆ.

ನಮ್ಮ ಮೇಜಿನ ಮೇಲೆ ಮಗ್ಗಿನ್ಸ್ ನಿಯಮ ತಂದವಳೇ ನೀನು ಎಂಬುದು ನೆನಪಿದೆಯೇ? ಎದುರಾಳಿ ತನ್ನ ಕೈಯ ಅಂಕ ಎಣಿಸುವಾಗ ಏನನ್ನಾದರೂ ಬಿಟ್ಟರೆ, ‘ಮಗ್ಗಿನ್ಸ್’ ಎಂದು ಕೂಗಿ ಅದನ್ನು ನಮ್ಮ ಗೂಟಕ್ಕೆ ಸೇರಿಸಿಕೊಳ್ಳುವುದು. ‘ಕರುಣೆ ಬೇಕಾದ್ರೆ ಪಾದ್ರಿ ಹತ್ರ ಹೋಗೇ’ ಅಂತ ಆಗ ನೀನೇ ಅಂದಿದ್ದೆ. ಅಂಥವಳು ಈಗ ಕೈ ಕೈ ಹಿಡಿದು ಆಡುತ್ತಿದ್ದೀಯ.

ನಿನ್ನ ಹತ್ತೊಂಬತ್ತರ ಹಾಸ್ಯವನ್ನು ಮಾತ್ರ ಊರು ಮರೆತಿಲ್ಲ. ಐದು ಎಲೆಯಲ್ಲಿ ಹತ್ತೊಂಬತ್ತು ಅಂಕ ಯಾರಿಗೂ ಬರಲು ಸಾಧ್ಯವಿಲ್ಲ, ಕೈಯಲ್ಲಿ ಏನೂ ಇಲ್ಲದವರು ನಗೆಗೆ ಹೇಳುವ ಮಾತದು ಎಂದು ಇಲ್ಲಿ ಆಟ ಕಲಿತ ಪ್ರತಿಯೊಬ್ಬರಿಗೂ ಗೊತ್ತು. ಆದರೆ ಅಷ್ಟು ಗಂಭೀರವಾಗಿ ಹತ್ತೊಂಬತ್ತು ಎಂದು ಹೇಳಿ, ನಿಜವಾಗಿಯೂ ಗೂಟ ಎತ್ತಿ ಹತ್ತೊಂಬತ್ತು ತೂತು ಮುಂದೆ ನಡೆಸಿದವರನ್ನು ನಾನು ಕಂಡಿರಲಿಲ್ಲ. ಬಾರಿನಲ್ಲಿ ಅದನ್ನು ಹತ್ತು ಸಲ ಹೇಳಿದ್ದೇನೆ, ಹತ್ತು ಸಲವೂ ಜನ ಬಿದ್ದು ಬಿದ್ದು ನಕ್ಕಿದ್ದಾರೆ.

ಬೇಗ ವಾಪಸು ಬಾ. ಫೋನು ಮಾಡಬೇಡ, ನಾನು ಎತ್ತುವುದಿಲ್ಲ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದವಳಿಗೆ ಕಾಗದ ಬರೆದರೆ ಸಾಕು.

ಸಿಟ್ಟಿನಿಂದ,
ಲೆಂಪಿ ಒಯಾಲಾ


ಇಷ್ಪೆಮಿಂಗ್
ಶುಕ್ರವಾರ, ನವೆಂಬರ್ 9

ಪ್ರೀತಿಯ ಲೆಂಪಿ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ, ಪ್ರೀತಿಯ. ಕಾಗದ ಓದಿ ನಕ್ಕೆ. ಮಾರ್ನಿ ಕೇಳಿದಳು, ‘ಯಾರು ದೊಡ್ಡಮ್ಮ, ಅಷ್ಟು ನಗಿಸಿದ್ದು?’ ಅಂತ. ‘ನಗಿಸಿದ್ದಲ್ಲ ಕಣೇ, ಬೈದಿದ್ದು’ ಅಂದೆ.

ಇಲ್ಲಿ ಈಗ ಬೀವರ್‌ಗಳ ಆಟ ನಡೆದಿದೆ. ನಾವೆಲ್ಲ ಬೀವರ್‌ಗಳು, ಹಲ್ಲಿನಲ್ಲಿ ಮರ ಕಡಿದು ಹೊಳೆಗೆ ಒಡ್ಡು ಕಟ್ಟಬೇಕು. ಪ್ರತಿ ಸುತ್ತಿನಲ್ಲೂ ನೀರು ಏರುತ್ತದೆ. ಎಲೆಗಳನ್ನು ಮುಚ್ಚಿಡುವಂತಿಲ್ಲ, ಎಲ್ಲರದ್ದೂ ಮೇಜಿನ ಮೇಲೆ ಮುಖ ತೋರಿಸಿಕೊಂಡೇ ಇರುತ್ತವೆ. ಪಕ್ಕದವರು ನೋಡಿ ‘ಇದನ್ನ ಹಾಕಿ’ ಅನ್ನಬಹುದು. ಅಂದರೆ ಯಾರಿಗೂ ಅವಮಾನವಿಲ್ಲ. ನೀನು ಈಗ ಮುಖ ಸಿಂಡರಿಸಿರುತ್ತೀಯ ಎಂದು ಗೊತ್ತು.

ಒಂದು ಸಲ ಬಾ. ನಿನಗೆ ಇಷ್ಟವಾಗುತ್ತದೆ ಎಂದು ಹೇಳುವುದಿಲ್ಲ. ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದವಳು ನಾನು. ಮಕ್ಕಳಿಗೆ ಹೇಳುತ್ತಿದ್ದದ್ದು ಒಂದೇ: ಮೂರು ಚಮಚ ತಿನ್ನು, ಆಮೇಲೆ ಬೇಡ ಅನ್ನು. ನೀನು ತಟ್ಟೆ ನೋಡಿಯೇ ಬೇಡ ಅನ್ನುವವಳು.

ಮಂಗಳವಾರದ ಬಗ್ಗೆ ಕೇಳಬೇಡ. ಬರಲಾಗದು, ಅಷ್ಟೇ.

ನಿನ್ನ,
ಡೋರೀನ್


ಲಾರಿಯಂ
ಮಂಗಳವಾರ, ನವೆಂಬರ್ 20

ಡೋರೀನ್,

ಬೀವರ್ ಅಂತೆ! ಎಪ್ಪತ್ತು ದಾಟಿದ ಇಬ್ಬರು ಮರ್ಯಾದಸ್ಥ ವಿಧವೆಯರಲ್ಲಿ ಒಬ್ಬಳು ಬೀವರ್ ಆದಳು. ಇದನ್ನು ನಾನು ಬಾರಿನಲ್ಲಿ ಹೇಳಿಲ್ಲ, ಊರಲ್ಲಿ ನಿನ್ನ ಹೆಸರು ಉಳಿಯಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ನಿನ್ನ ಕುರ್ಚಿಗೆ ರೇ ಪೆಲ್ಟೋನನ್ನು ಕೂರಿಸಿದೆ. ಮೂರು ಮಂಗಳವಾರ ತಡೆದುಕೊಂಡೆ. ಪ್ರತಿ ಎಲೆ ಎತ್ತುವ ಮುಂಚೆ ಹೆಬ್ಬೆರಳು ನೆಕ್ಕುತ್ತಾನೆ. ಆ ಎಂಜಲು ಎಲೆಯನ್ನು ಮತ್ತೆ ನಾನು ಮುಟ್ಟಬೇಕು. ಮೊನ್ನೆ ಮಾಂಸ ತುಂಬಿ ಬೇಯಿಸಿದ ಪೇಸ್ಟಿ ಬಿಸಿ ಮಾಡಿಕೊಟ್ಟೆ, ಅದರ ಮೇಲೆ ಗ್ರೇವಿ ಸುರಿದುಕೊಂಡ. ಪೇಸ್ಟಿಗೆ ಗ್ರೇವಿ! ‘ಕೆಚಪ್ ಕಣ್ಣಿಗೆ ಕಾಣ್ತಿಲ್ವಾ?’ ಅಂದೆ. ‘ನಮ್ಮನೇಲಿ ಹೀಗೇ’ ಅಂದ. ‘ಹಾಗಾದ್ರೆ ನಿಮ್ಮನೆಗೇ ಹೋಗಪ್ಪ’ ಅಂದು ಕಳಿಸಿದೆ. ಆ ಗೂಟಗಳನ್ನು ಕುದಿಯುವ ನೀರಿನಲ್ಲಿ ತೊಳೆದಿಟ್ಟಿದ್ದೇನೆ.

ನಿನಗೇನಾಗಿದೆ ಎಂದು ನನಗೆ ಗೊತ್ತು. ಸೋಲು ತಡೆಯಲಾಗಲಿಲ್ಲ. ಹೋದ ಚಳಿಗಾಲದಿಂದ ನೀನು ಗೆದ್ದದ್ದು ಎಷ್ಟು ಸಲ? ನಾನು ಮಗ್ಗಿನ್ಸ್ ಕೂಗಿ ಕೂಗಿ ಗಂಟಲು ಕಟ್ಟಿತ್ತು. ನೀನು ಸೋಮಾರಿಯಾದೆ, ಎಣಿಸುವುದನ್ನು ಬಿಟ್ಟೆ, ಈಗ ಎಣಿಸಬೇಕಾಗಿಲ್ಲದ ಕಡೆ ಹೋಗಿ ಕೂತೆ. ಇದನ್ನು ಹೇಡಿತನ ಅನ್ನುತ್ತಾರೆ. ನನಗೆ ಹೇಸಿಗೆಯಾಗುತ್ತಿದೆ.

ಲೆಂಪಿ


ಇಷ್ಪೆಮಿಂಗ್
ಸೋಮವಾರ, ಜನವರಿ 14, 2019

ಲೆಂಪಿ,

ಉತ್ತರ ತಡವಾಯಿತು. ಕ್ರಿಸ್‌ಮಸ್‌ಗೆ ನಿನ್ನಿಂದ ಕಾರ್ಡು ಬರಲಿಲ್ಲ. ನಾನೂ ಕಳಿಸಲಿಲ್ಲ ಅನ್ನಿಸುತ್ತದೆ, ಅಥವಾ ಕಳಿಸಿದೆನೋ.

ಹೇಡಿ ಎಂದದ್ದು ಸರಿ. ಒಪ್ಪಿಕೊಂಡೆ. ಈಗ ಬಾ. ಫೆಬ್ರವರಿ ಏಳರ ಗುರುವಾರ, ಎರಡು ಗಂಟೆಗೆ, ಗ್ರಂಥಾಲಯದ ನೆಲಮಾಳಿಗೆ. ಏಲಕ್ಕಿ ಹಾಕಿದ ನಿನ್ನ ನಿಸು ಬ್ರೆಡ್ಡು ತಾ. ಮಾರ್ನಿ ಅಂಗಡಿಯಿಂದ ತಂದದ್ದು ಸ್ಪಂಜು ಅಗಿದ ಹಾಗಿದೆ.

ಮೂರು ಚಮಚ, ಲೆಂಪಿ. ನನಗೋಸ್ಕರ.

ಡೋರೀನ್


ಲಾರಿಯಂ
ಶುಕ್ರವಾರ, ಫೆಬ್ರವರಿ 8

ಡೋರೀನ್,

ಬಂದೆ, ತಿಂದೆ, ಮೂರು ಚಮಚವೂ ಆಯಿತು. ಈಗ ನನ್ನ ಮಾತು ಕೇಳು.

ನೂರು ಮೈಲಿ ಹಿಮದಲ್ಲಿ ಟ್ರಕ್ ಓಡಿಸಿಕೊಂಡು ಬಂದವಳಿಗೆ ಬಾಗಿಲಲ್ಲೇ ಅಂಗೈಗೆ ಔಷಧಿ ವಾಸನೆಯ ಲೋಳೆ ಹಿಂಡಿದರು, ಎಲೆ ಮುಟ್ಟುವ ಮುಂಚೆ ಉಜ್ಜಿಕೊಳ್ಳಿ ಅಂತ. ತಿನ್ನಲು ಹಸಿ ಸೆಲೆರಿ ಕಡ್ಡಿ, ಅದ್ದಿಕೊಳ್ಳಲು ಕಡಲೆ ರುಬ್ಬಿದ ಬಿಳಿ ಗಾರೆ. ಒಂದು ಉಪ್ಪಿನಕಾಯಿ ಮೊಟ್ಟೆ ಇಲ್ಲ. ಆ ಗಡ್ಡದ ಟ್ರೆಂಟ್, ಅರಣ್ಯ ಇಲಾಖೆಯಿಂದ ನಿವೃತ್ತನಾದವನಂತೆ, ನಿಯಮ ವಿವರಿಸಲು ಐವತ್ತು ನಿಮಿಷ ತೆಗೆದುಕೊಂಡ. ಅಷ್ಟರಲ್ಲಿ ನಾವಿಬ್ಬರು ಎರಡು ಆಟ ಮುಗಿಸಿ ಜಗಳವಾಡಿ ರಾಜಿಯಾಗಿರುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಗುಲಾಬಿ ಟೋಪಿಯ ಬೀವರ್. ಕೊನೆಗೆ ಹೊಳೆ ಒಡ್ಡನ್ನು ಕೊಚ್ಚಿಕೊಂಡು ಹೋಯಿತು, ಸೋತವರೆಲ್ಲ ಚಪ್ಪಾಳೆ ತಟ್ಟಿದರು. ಎಪ್ಪತ್ತೊಂದು ವರ್ಷದಲ್ಲಿ ನಾನು ಇಷ್ಟು ನಾಚಿಕೆಗೇಡಿನ ಚಪ್ಪಾಳೆ ಕೇಳಿಲ್ಲ.

ನಡುವೆ ನಾನೊಂದು ತಪ್ಪು ಮಾಡಿದೆ, ಅದನ್ನೂ ಬರೆಯುತ್ತೇನೆ. ನಿನ್ನ ಮುಂದೆ ಎರಡು ಮರದ ದಿಮ್ಮಿಗಳಿದ್ದವು, ನೀನು ಒಂದನ್ನೇ ತೆಗೆದುಕೊಂಡೆ. ನನಗೆ ಬುದ್ಧಿ ಎಲ್ಲಿತ್ತೋ, ಮೇಜು ಗುದ್ದಿ ‘ಮಗ್ಗಿನ್ಸ್!’ ಎಂದು ಕಿರುಚಿ ಆ ಇನ್ನೊಂದನ್ನು ಕಿತ್ತುಕೊಂಡೆ. ಟ್ರೆಂಟ್ ಮೆಲ್ಲಗೆ, ‘ಮೇಡಂ, ಇಲ್ಲಿ ಯಾರ್ದೂ ಯಾರೂ ಕಿತ್ಕೊಳಲ್ಲ. ಬಿಟ್ಟಿದ್ರೆ ನೆನಪು ಮಾಡ್ತೀವಿ, ಅಷ್ಟೇ’ ಅಂದ. ನೀನು ಕಾಫಿ ತರುತ್ತೇನೆ ಎಂದು ಎದ್ದು ಹೋದವಳು ಕಾಲು ಗಂಟೆ ಬರಲಿಲ್ಲ. ಬಂದಾಗ ಕೈಯಲ್ಲಿ ಕಾಫಿಯೂ ಇರಲಿಲ್ಲ. ಅಷ್ಟಕ್ಕೆಲ್ಲ ಬೇಸರ ಮಾಡಿಕೊಳ್ಳುವವಳಲ್ಲ ನೀನು. ಏನಾಗಿದೆ ನಿನಗೆ?

ಒಂದು ಮಾತು ಮಾತ್ರ, ಒಲ್ಲದ ಮನಸ್ಸಿನಿಂದ ಬರೆಯುತ್ತಿದ್ದೇನೆ. ಇಷ್ಟು ವರ್ಷ ನಾನು ನಿನ್ನ ಎದುರು ಕೂತವಳು. ಪಕ್ಕದಲ್ಲಿ ಕೂತದ್ದು ನಿನ್ನೆಯೇ ಮೊದಲು. ಎಲೆ ಹಾಕುವ ಮುಂಚೆ ನೀನು ಗಂಟಲಿನೊಳಗೇ ಏನೋ ಗುನುಗುತ್ತೀಯ. ಅದು ನನಗೆ ಗೊತ್ತೇ ಇರಲಿಲ್ಲ. ಮೇಜಿನಾಚೆಗೆ ಅದು ಕೇಳಿಸುವುದಿಲ್ಲ.

ಆದರೂ ಆಟ ಅಸಹ್ಯ. ಮತ್ತೆ ಕರೆಯಬೇಡ.

ಲೆಂಪಿ


ಇಷ್ಪೆಮಿಂಗ್
ಭಾನುವಾರ, ಮಾರ್ಚ್ 3

ಶ್ರೀಮತಿ ಒಯಾಲಾ ಅವರಿಗೆ,

ನಾನು ಮಾರ್ನಿ, ಡೋರೀನ್ ದೊಡ್ಡಮ್ಮನ ತಂಗಿಯ ಮಗಳು. ನಿಮಗೆ ಬರೆಯಬಾರದೆಂದು ದೊಡ್ಡಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತು ಮುರಿಯುತ್ತಿದ್ದೇನೆ.

ಅವರಿಗೆ ಮರೆವಿನ ಕಾಯಿಲೆ. ಹೋದ ಆಗಸ್ಟ್‌ನಲ್ಲಿ ವೈದ್ಯರು ಖಚಿತಪಡಿಸಿದರು. ಮೊದಲು ಹೋದದ್ದು ಲೆಕ್ಕ. ನಿಮಗೆ ಹೇಳೋಣ ಎಂದು ನಾನೆಷ್ಟು ಸಲ ಕೇಳಿಕೊಂಡರೂ ಒಪ್ಪಲಿಲ್ಲ. ‘ಲೆಂಪಿಗೆ ಗೊತ್ತಾದ್ರೆ ಬೇಕಂತ ಸೋಲೋಕೆ ಶುರು ಮಾಡ್ತಾಳೆ ಕಣೇ. ಅವ್ಳು ನಂಗೆ ಕರುಣೆ ತೋರ್ಸೋದನ್ನ ನೋಡಿದ್ರೆ ನಾನು ವಾಂತಿ ಮಾಡ್ಕೋತೀನಿ’ ಅಂದರು. ಗುರುವಾರದ ಗುಂಪನ್ನು ಹುಡುಕಿದ್ದು ನಾನಲ್ಲ, ಅವರೇ. ಎಲೆ ತೆರೆದಿಟ್ಟು ಆಡುವ ಆಟವಾದರೆ ಸಾಕು ಅಂದಿದ್ದರು. ಅದು ಅವರ ರುಚಿಯ ಆಟವಲ್ಲ ಎಂದು ನನಗೆ ಗೊತ್ತು. ಮೊದಲ ದಿನ ಮನೆಗೆ ಬಂದು, ‘ಸಪ್ಪೆ ಗಂಜಿ ಕುಡಿದ ಹಾಗಿದೆ’ ಅಂದರು. ಮುಂದಿನ ಗುರುವಾರ ಮತ್ತೆ ಹೊರಟರು.

ನಾನು ಬರೆಯಲು ಕಾರಣ ಬೇರೆ. ಈಚೆಗೆ ಅವರು ಕೂತಲ್ಲೇ, ‘ಲೆಂಪಿ ಹತ್ತೊಂಬತ್ತಕ್ಕೆ ನಕ್ಬಿಟ್ಳು’ ಅನ್ನುತ್ತಾರೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಅದೇ ಮಾತು. ಏನು ಹತ್ತೊಂಬತ್ತು ಎಂದರೆ ಅದನ್ನೇ ಮತ್ತೆ ಹೇಳುತ್ತಾರೆ. ನನಗೆ ಇಸ್ಪೀಟು ಬಾರದು. ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ,
ಮಾರ್ನಿ


ಲಾರಿಯಂ
ಮಂಗಳವಾರ, ಮಾರ್ಚ್ 12

ಮಾರ್ನಿ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಮೂರು ಸಲ ಬರೆದು ಹರಿದು ಹಾಕಿದೆ.

ಹತ್ತೊಂಬತ್ತು ಎಂದರೆ ಏನೂ ಇಲ್ಲ. ನಮ್ಮ ಆಟದಲ್ಲಿ ಎಲೆಗಳನ್ನು ಕೆಳಗಿಟ್ಟು ಗಟ್ಟಿಯಾಗಿ ಎಣಿಸಬೇಕು. ಹದಿನೈದಕ್ಕೆ ಎರಡು, ಹದಿನೈದಕ್ಕೆ ನಾಲ್ಕು, ಜೋಡಿ ಸೇರಿ ಆರು, ಹೀಗೆ. ಹದಿನೆಂಟು ಬರಬಹುದು, ಇಪ್ಪತ್ತು ಬರಬಹುದು. ಹತ್ತೊಂಬತ್ತು ಮಾತ್ರ ಹೇಗೆ ಕೂಡಿಸಿದರೂ ಬರುವುದಿಲ್ಲ. ಅದಕ್ಕೇ ಸೊನ್ನೆ ಬಂದವರು ನಾಚಿಕೆ ಮುಚ್ಚಿಕೊಳ್ಳಲು ‘ಹತ್ತೊಂಬತ್ತು’ ಅನ್ನುತ್ತಾರೆ, ಎಲ್ಲರೂ ನಗುತ್ತಾರೆ.

ಸೆಪ್ಟೆಂಬರ್ ಕೊನೆಯ ಮಂಗಳವಾರ ನಿನ್ನ ದೊಡ್ಡಮ್ಮ ಎಲೆಗಳನ್ನು ಕೆಳಗಿಟ್ಟು ತುಂಬಾ ಹೊತ್ತು ನೋಡಿದಳು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ‘ಹತ್ತೊಂಬತ್ತು’ ಅಂದಳು. ಗೂಟ ಎತ್ತಿ ಒಂದೊಂದೇ ತೂತು ಮುಟ್ಟುತ್ತಾ ಹತ್ತೊಂಬತ್ತು ಎಣಿಸಿದಳು. ನಾನು ಮೇಜು ಬಡಿದು ಬಡಿದು ನಕ್ಕೆ. ಕಣ್ಣಲ್ಲಿ ನೀರು ಬಂತು. ಅವಳು ನನ್ನ ಮುಖ ನೋಡಿದಳು, ಗೂಟ ನೋಡಿದಳು, ಆಮೇಲೆ ತಾನೂ ನಕ್ಕಳು. ನಾನು ನಕ್ಕು ಅರ್ಧ ನಿಮಿಷದ ಮೇಲೆ ಅವಳು ನಕ್ಕದ್ದು. ಇದನ್ನು ಈಗ ಬರೆಯುವಾಗ ಗೊತ್ತಾಗುತ್ತಿದೆ. ಅವಳು ಹಾಸ್ಯ ಮಾಡಿರಲಿಲ್ಲ, ಮಾರ್ನಿ. ನಿಜವಾಗಿ ಎಣಿಸಿದ್ದಳು.

ಅವಳ ಕೈಯಲ್ಲಿ ಎಂಟು ಅಂಕ ಇತ್ತು. ‘ಹಾಸ್ಯ ಮಾಡೋಕೆ ಹೋಗಿ ಎಂಟು ಕಳ್ಕೊಂಡ್ಯಲ್ಲೇ, ಮಗ್ಗಿನ್ಸ್!’ ಎಂದು ಆ ಎಂಟನ್ನೂ ನಾನೇ ತೆಗೆದುಕೊಂಡು ಆಟ ಗೆದ್ದೆ. ಆಮೇಲೆ ಊರೆಲ್ಲ ಸಾರಿದೆ. ಅದಕ್ಕೂ ಹಿಂದೆ ಒಂದು ಇಡೀ ಚಳಿಗಾಲ, ಅವಳ ತಲೆಯಿಂದ ಉದುರಿದ್ದನ್ನೆಲ್ಲ ನಾನು ಹೆಕ್ಕಿ ಹೆಕ್ಕಿ ನನ್ನ ಗೂಟಕ್ಕೆ ಸೇರಿಸಿಕೊಂಡೆ. ಗೆಲ್ಲುತ್ತಿದ್ದೇನೆ ಎಂದು ಖುಷಿಪಟ್ಟೆ. ಹೇಡಿ ಎಂದು ಬರೆದೆ. ಹೆಬ್ಬೆರಳು ನೆಕ್ಕುವ ರೇ ಪೆಲ್ಟೋನನ್ನು ಕಂಡರೆ ಹೇಸಿಗೆ ಅಂದಿದ್ದೆ. ಈಗ ನನ್ನನ್ನು ನೋಡಿ ನನಗೆ ಹೇಸಿಗೆಯಾಗುತ್ತಿದೆ.

ನನಗೆ ಗೊತ್ತಾಗಿದೆ ಎಂದು ಅವಳಿಗೆ ಹೇಳಬೇಡ. ಅವಳಿಗೆ ವಾಂತಿಯಾಗುವುದು ಬೇಡ.

ಲೆಂಪಿ ಒಯಾಲಾ


ಲಾರಿಯಂ
ಮಂಗಳವಾರ, ಏಪ್ರಿಲ್ 2

ಪ್ರೀತಿಯ ಡೋರೀನ್,

ನಾಡಿದ್ದು ಗುರುವಾರ ಬರುತ್ತಿದ್ದೇನೆ. ಅದರ ಮುಂದಿನ ಗುರುವಾರವೂ. ಕಾರಣ ಇಷ್ಟೇ, ಇಲ್ಲಿ ಆಡಲು ಮನುಷ್ಯರಿಲ್ಲ. ಲೂಥರನ್ ಚರ್ಚಿನ ಹೆಂಗಸರ ಡಾಮಿನೋ ಆಟಕ್ಕೂ ಹೋಗಿ ನೋಡಿದೆ. ಆಟಕ್ಕಿಂತ ಪ್ರಾರ್ಥನೆ ಜಾಸ್ತಿ. ಒಮ್ಮೆ ಬಾಯಿ ಕೆಟ್ಟ ಮೇಲೆ ಬೀವರ್ ಆದರೇನು, ಕರಡಿಯಾದರೇನು?

ನನ್ನ ಷರತ್ತುಗಳು: ನಾನು ಚಪ್ಪಾಳೆ ತಟ್ಟುವುದಿಲ್ಲ. ಆ ಗಾರೆ ತಿನ್ನುವುದಿಲ್ಲ. ಗುಲಾಬಿ ಟೋಪಿ ಬೇರೆ ಯಾರಾದರೂ ಹಾಕಿಕೊಳ್ಳಲಿ. ನಿನ್ನ ಪಕ್ಕದ ಕುರ್ಚಿ ನನ್ನದು, ಅದರಲ್ಲಿ ಟ್ರೆಂಟ್ ಕೂತರೆ ಎಬ್ಬಿಸುತ್ತೇನೆ. ನೀನು ದಿಮ್ಮಿ ಬಿಟ್ಟರೆ ನಾನು ಬೈಯುತ್ತೇನೆ, ಬೈಯುವುದನ್ನು ಬಿಡು ಎಂದು ಮಾತ್ರ ಯಾರೂ ಹೇಳಬಾರದು. ಕಿತ್ತುಕೊಳ್ಳುವುದಿಲ್ಲ.

ನಿಸು ಎರಡು ತರುತ್ತೇನೆ.

ಲೆಂಪಿ


ಇಷ್ಪೆಮಿಂಗ್
ಶುಕ್ರವಾರ, ಅಕ್ಟೋಬರ್ 11

ಪ್ರೀತಿಯ ಲೆಂಪಿ,

ಎಷ್ಟು ದಿನವಾಯಿತು ನಿನ್ನನ್ನು ನೋಡಿ. ಸಿಟ್ಟು ಇನ್ನೂ ಇಳಿದಿಲ್ಲವೇ? ಮಾರ್ನಿ ಲಕೋಟೆಯ ಮೇಲೆ ವಿಳಾಸ ಬರೆದುಕೊಡುತ್ತಾಳೆ. ಒಳಗಿನದು ನಾನೇ ಬರೆದದ್ದು.

ಒಂದು ಸುದ್ದಿ. ಗುರುವಾರದ ಗುಂಪಿಗೆ ಒಬ್ಬಳು ಹೊಸಬಳು ಬಂದಿದ್ದಾಳೆ. ನಿನ್ನೆ ನನ್ನ ಪಕ್ಕದಲ್ಲೇ ಕೂತಳು. ಉದ್ದಕ್ಕೆ ಇದ್ದಾಳೆ, ಮುಖ ಹುಳಿ ತಿಂದವರ ಹಾಗೆ. ಎಲ್ಲದಕ್ಕೂ ಛೀ ಅನ್ನುತ್ತಾಳೆ. ಸೆಲೆರಿಗೆ ಛೀ, ಟ್ರೆಂಟ್‌ಗೆ ಛೀ. ಆದರೆ ನನ್ನ ಎಲೆಗಳನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ನಾನು ಮರೆತದ್ದನ್ನು ಮೊಣಕೈಯಿಂದ ತಿವಿದು ತೋರಿಸುತ್ತಾಳೆ, ಯಾರಿಗೂ ಕಾಣದ ಹಾಗೆ. ನಿನ್ನೆ ನಾವು ಹೊಳೆಯನ್ನು ಗೆದ್ದೆವು! ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ. ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದಳು, ಅದಕ್ಕೆ ಇರಬೇಕು.

ನಾನವಳಿಗೆ ಹೇಳಿದೆ, ‘ಲಾರಿಯಂನಲ್ಲಿ ನಂಗೊಬ್ಳು ಗೆಳತಿ ಇದ್ದಾಳೆ. ಈ ಮೇಜು ನೋಡಿದ್ರೆ ಉಗಿದ್ಬಿಡ್ತಾಳೆ’ ಅಂತ. ‘ಅಷ್ಟು ಕೆಟ್ಟವ್ಳಾ?’ ಅಂತ ಕೇಳಿದಳು. ‘ಕೆಟ್ಟವ್ಳಲ್ಲ, ರುಚಿ ಜಾಸ್ತಿ’ ಅಂದೆ. ಅವಳು ನಗಲು ಶುರು ಮಾಡಿದವಳು ಕಣ್ಣು ಒರೆಸಿಕೊಂಡಳು. ಹೆಸರು ಕೇಳಿದೆ, ಹೇಳಿದಳು. ಮರೆತೆ.

ಅವಳೂ ನಿಸು ತರುತ್ತಾಳೆ. ನಿನ್ನದರಷ್ಟು ಚೆನ್ನಾಗಿಲ್ಲ.

ನೀನು ಬರದೇ ಇದ್ದರೆ ನಾನು ಅವಳನ್ನೇ ಗೆಳತಿ ಮಾಡಿಕೊಳ್ಳುತ್ತೇನೆ ನೋಡು. ಒಂದು ಸಲ ಬಾ. ಮೂರು ಚಮಚ. ಒಂದು ಸಲ ಬಾ.

ನಿನ್ನ,
ಡೋರೀನ್


ಲಾರಿಯಂ
ಮಂಗಳವಾರ, ಅಕ್ಟೋಬರ್ 15, 2019

ಪ್ರೀತಿಯ ಡೋರೀನ್,

ನಿನ್ನ ಕಾಗದ ಓದಿ ಮೈ ಉರಿಯಿತು. ಯಾರವಳು? ಇಪ್ಪತ್ತಾರು ವರ್ಷ ನಾನು ನಿನ್ನ ಎದುರು ಕೂತು ಸವೆದದ್ದು, ನಿನ್ನೆ ಮೊನ್ನೆ ಬಂದವಳು ಮೇಜಿನ ಕೆಳಗೆ ಕೈ ಹಿಡಿಯುತ್ತಾಳೆಯೇ? ಅಸಹ್ಯ. ಅವಳ ನಿಸು ಚೆನ್ನಾಗಿಲ್ಲ ಎಂದು ಓದಿ ಸ್ವಲ್ಪ ಸಮಾಧಾನವಾಯಿತು.

ನನಗೆ ಬರಲಾಗದು. ಮಂಡಿ ನೋವು, ದಾರಿಯಲ್ಲಿ ಆಗಲೇ ಹಿಮ ಬೀಳುತ್ತಿದೆ. ಬೀವರ್ ಆಟವಂತೂ ನನಗೆ ಸೇರದು, ನಿನಗೇ ಗೊತ್ತು. ಅದಕ್ಕೆ ಅವಳನ್ನೇ ಗೆಳತಿ ಮಾಡಿಕೋ. ನಾನೇ ಹೇಳುತ್ತಿದ್ದೇನೆ. ಸಿಟ್ಟೆಲ್ಲ ಇಳಿದು ತುಂಬಾ ದಿನವಾಯಿತು ಕಣೇ. ಎಲೆ ಗೊತ್ತಾಗದಿದ್ದರೆ ಅವಳನ್ನು ಕೇಳು, ನಾಚಿಕೆಪಡಬೇಡ. ನಾನೊಮ್ಮೆ ನಗಬಾರದ ಹೊತ್ತಿನಲ್ಲಿ ನಕ್ಕೆ, ಅವಳು ಹಾಗೆ ನಗುವುದಿಲ್ಲ.

ಹೆಸರು ಮರೆತರೆ ಚಿಂತೆಯಿಲ್ಲ. ಪ್ರತಿ ಸಲವೂ ಕೇಳು, ಪ್ರತಿ ಸಲವೂ ಹೇಳುತ್ತಾಳೆ. ಈ ಗುರುವಾರ ಅವಳು ಬಂದೇ ಬರುತ್ತಾಳೆ. ನನಗೆ ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡ.

ನಿನ್ನ,
ಲೆಂಪಿ